ಎಂಟು ಬಗೆಯ ಮಾಲು

ಜನವರಿ 1, 2025, ಬುಧವಾರ

ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿ ಇದು. ಪ್ರತಿ ಹಾಳೆಯ ಕೆಳಗೂ ಒಂದೊಂದು ಕೀಟನಾಶಕದ ಜಾಹೀರಾತು. ಹಾಲಿನ ಲೆಕ್ಕ ಬರೆಯಲು ಬೇಕೆಂದು ಗಂಗಾಶ್ರೀ ಕೇಳಿದಳು, ಕೊಡಲಿಲ್ಲ. ಈ ವರ್ಷ ನನಗೇ ಬರೆದುಕೊಳ್ಳುವುದಿದೆ ಎಂದೆ.

"ನೀವು ಬರೆಯೋದು ಏನೈತ್ರಿ? ದಿನಾ ಅದೇ ವ್ಯಾನು, ಅದೇ ಸೋಪು" ಎಂದು ನಕ್ಕಳು. ಕಟ್ಟಿಕೊಂಡ ಹೆಂಡತಿಗೆ ನನ್ನ ಕೆಲಸದ ಮೇಲಿರುವ ಗೌರವ ಇಷ್ಟು.

ಬರೆಯುವುದು ಇದೆ. ಹನ್ನೊಂದು ವರ್ಷದಿಂದ ನಾನು ಶಿರಾಳಕೊಪ್ಪದ ಚಂದ್ರಶೇಖರಪ್ಪನವರ ಏಜೆನ್ಸಿಯಲ್ಲಿ ಲೈನ್ ಹೊಡೆಯುತ್ತಿದ್ದೇನೆ, ಅಂದರೆ ವ್ಯಾನಿನಲ್ಲಿ ಊರೂರು ತಿರುಗಿ ಅಂಗಡಿಗಳಿಗೆ ಮಾಲು ಹಾಕುವುದು. ಸೋಪು, ಚಹಾಪುಡಿ, ಬಿಸ್ಕತ್ತು ಎಲ್ಲೋ ಫ್ಯಾಕ್ಟರಿಯಲ್ಲಿ ತಯಾರಾಗಿ ಹುಬ್ಬಳ್ಳಿ ಗೋದಾಮಿಗೆ ಬರುತ್ತವೆ. ಅಲ್ಲಿಂದ ಲಾರಿಯಲ್ಲಿ ನಮ್ಮ ಗೋದಾಮಿಗೆ. ದೊಡ್ಡವರ ಕೆಲಸ ಅಲ್ಲಿಗೆ ಮುಗಿಯಿತು. ಅಲ್ಲಿಂದ ಹಳ್ಳಿಯ ಅಂಗಡಿಯ ಹಲಗೆಯ ಮೇಲೆ ಕೂರುವವರೆಗೆ ಮಾಲಿಗೆ ಅಪ್ಪನೂ ನಾನೇ, ಅವ್ವನೂ ನಾನೇ.

ಇವತ್ತು ಕಂಪನಿಯ ಹೊಸ ಆಫೀಸರ್ ಗಣೇಶ್ ಶಿವಮೊಗ್ಗದಿಂದ ಗೋದಾಮಿಗೆ ಬಂದಿದ್ದ. ಎಲ್ಲರಿಗೂ ಪೇಡೆ ಹಂಚಿ, ನನ್ನ ಫೋನಿನಲ್ಲಿ ಒಂದು ಆಪ್ ಹಾಕಿಕೊಟ್ಟ. ವ್ಯಾನ್ ಎಲ್ಲಿ ನಿಂತರೂ ಅದಕ್ಕೆ ಗೊತ್ತಾಗುತ್ತದಂತೆ. ಪೇಡೆ ಬಾಯಲ್ಲಿರುವಾಗಲೇ ಎರಡು ನಿಯಮ ಹೇಳಿದ. ಪ್ರತಿ ಅಂಗಡಿಯೂ ತಿಂಗಳಿಗೆ ಕನಿಷ್ಠ ಎಂಟು ಬಗೆಯ ಮಾಲು ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಮುಂದಿನ ತಿಂಗಳು ಅದರ ಹೆಸರು ಆಪಿನಿಂದ ಹೋಗುತ್ತದೆ, ವ್ಯಾನ್ ಅಲ್ಲಿ ನಿಲ್ಲುವ ಹಾಗಿಲ್ಲ. ಒಂದು ಲೈನಿನಲ್ಲಿ ನಲವತ್ತು ಅಂಗಡಿ ಇರಲೇಬೇಕು. ಕಡಿಮೆಯಾದರೆ ಆ ಲೈನನ್ನು ಸೊರಬದ ವ್ಯಾನಿಗೆ ಸೇರಿಸುತ್ತಾರೆ. ನನ್ನನ್ನು ಯಾವುದಕ್ಕೆ ಸೇರಿಸುತ್ತಾರೆ ಎಂದು ಹೇಳಲಿಲ್ಲ.

ನನ್ನ ಲೈನಿನಲ್ಲಿರುವುದು ಸರಿಯಾಗಿ ನಲವತ್ತು. ಮೂವತ್ತೊಂಬತ್ತು ಅಂಗಡಿಗಳ ಚಿಂತೆಯಿಲ್ಲ. ಉಳಿದದ್ದು ಬಂದಳಿಕೆಯ ತಾಯಮ್ಮನದು. ಅಲ್ಲಿ ಹೋಗುವುದು ಐದೇ ಬಗೆ.

ಜನವರಿ 7, ಮಂಗಳವಾರ

ಮಂಗಳವಾರ ಬಂದಳಿಕೆಯ ದಿನ. ಹಳೆಯ ಗುಡಿಗಳ ಕಲ್ಲುಕಂಬಗಳನ್ನು ದಾಟಿ ಎರಡು ತಿರುವು ಹೋದರೆ ತಾಯಮ್ಮನ ಅಂಗಡಿ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ನಾಲ್ಕು ಹಲಗೆ, ಒಂದು ಸ್ಟೂಲು. ಗಂಡ ಮಾರಪ್ಪ ಕುರಿ ಹೊಡೆದುಕೊಂಡು ಬೆಳಿಗ್ಗೆಯೇ ಹೋಗಿರುತ್ತಾನೆ.

ತಾಯಮ್ಮನಿಗೆ ಓದು ಬಾರದು. ಲೈನಿಗೆ ಬಂದ ಮೊದಲ ದಿನ ಏನು ಬೇಕಮ್ಮಾ ಎಂದು ಕೇಳಿದ್ದೆ. "ನಂಗೇನ್ ಗೊತ್ತು? ನಾಕೂರು ತಿರುಗೋನು ನೀನು. ನೀನಾ ನೋಡಿ ಇಟ್ಟು ಹೋಗಪ" ಅಂದಿದ್ದಳು. ಅವತ್ತಿನಿಂದ ಇವತ್ತಿನವರೆಗೆ ಅದೇ ಪದ್ಧತಿ. ನಾನು ಒಳಗೆ ಹೋಗಿ ಹಲಗೆ ನೋಡುತ್ತೇನೆ, ಖಾಲಿಯಾದ ಜಾಗಕ್ಕೆ ಬೇಕಾದ್ದನ್ನು ಜೋಡಿಸುತ್ತೇನೆ. ಅವಳು ಅತ್ತ ಮಜ್ಜಿಗೆಗೆ ಉಪ್ಪು ಹಾಕುತ್ತಿರುತ್ತಾಳೆ. ಇಷ್ಟಾಯಿತು ಎಂದರೆ ಅಷ್ಟು ಕೊಡುತ್ತಾಳೆ. ಒಂದು ದಿನ ಒಂದು ಪಾಕೀಟನ್ನೂ ಎಣಿಸಿದವಳಲ್ಲ.

ನಾನೂ ಒಂದು ದಿನ ತಪ್ಪು ಇಟ್ಟವನಲ್ಲ. ಉಣ್ಣೆ ಕತ್ತರಿಸುವ ಕಾಲಕ್ಕೆ ಬಟ್ಟೆ ಸೋಪು ಎರಡು ಡಜನ್ ಜಾಸ್ತಿ, ಶಾಲೆ ಶುರುವಾದಾಗ ಬಿಸ್ಕತ್ತು ಜಾಸ್ತಿ, ಮದುವೆ ಕಾಲದಲ್ಲಿ ಚಹಾಪುಡಿ. ಬಂದಳಿಕೆಯಲ್ಲಿ ಯಾರ ಮನೆಗೆ ನೆಂಟರು ಬಂದಿದ್ದಾರೆ ಎಂಬುದು ನನಗೆ ಆ ಹಲಗೆ ನೋಡಿದರೆ ಗೊತ್ತಾಗುತ್ತದೆ. ಇದನ್ನು ಗಣೇಶನ ಆಪ್ ಹೇಳಲಿ ನೋಡೋಣ.

ಇವತ್ತೂ ಐದೇ ಬಗೆ ಇಟ್ಟೆ. ಹೊಸ ನಿಯಮದ ಮಾತು ನಾಲಿಗೆ ತುದಿಗೆ ಬಂತು, ಮಜ್ಜಿಗೆ ಕುಡಿದು ನುಂಗಿಕೊಂಡೆ.

ಜನವರಿ 20, ಸೋಮವಾರ

ಚಂದ್ರಶೇಖರಪ್ಪನವರಲ್ಲಿ ಕೇಳಿಯೇಬಿಟ್ಟೆ. ಒಂದು ಅಂಗಡಿಗೆ ವಿನಾಯಿತಿ ಕೊಡಿಸಿರಿ, ಆ ಊರಿಗೆ ಇರುವುದು ಅದೊಂದೇ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು.

"ನನ್ ಕೈಯಾಗ ಏನೈತೋ ಕೊಟ್ರೇಶಿ? ನಿಂಗೆ ಎಂಟು ಬಗೆ ಅಂದ್ರು, ನಂಗೆ ವರ್ಷಕ್ಕೆ ಇಷ್ಟು ಲಾರಿ ಎತ್ಬೇಕು ಅಂದಾರ. ಬೇಕೋ ಬ್ಯಾಡೋ ಗೋದಾಮಿಗೆ ತಂದು ಸುರೀತಾರ. ಮಾರ್ಚ್ ದಾಟ್ಸು, ಆಮ್ಯಾಲೆ ನೋಡಾಣ."

ಗೋದಾಮಿನ ಮೂಲೆಯಲ್ಲಿ ಓಟ್ಸ್ ಪೆಟ್ಟಿಗೆಗಳು ಸೂರು ಮುಟ್ಟಿವೆ. ಮನಸಾರೆ ಬೈದುಕೊಳ್ಳಬಹುದಾದ ಕೆಟ್ಟ ಯಜಮಾನರಾದರೂ ಆಗಿದ್ದರೆ ಸಲೀಸಿತ್ತು.

ಜನವರಿ 28, ಮಂಗಳವಾರ

ಇಟ್ಟೆ. ಓಟ್ಸ್, ಮುಖ ತೊಳೆಯುವ ಫೇಸ್‌ವಾಶ್, ಗ್ರೀನ್ ಟೀ. ಮೂರೂ ಸಣ್ಣ ಪಾಕೀಟು, ಎರಡೆರಡೇ. ತಾಯಮ್ಮನ ಅಂಗಡಿ ಉಳಿಯಬೇಕಲ್ಲ. ಲೈನಿನಿಂದ ತೆಗೆದರೆ ಅವಳು ಒಂದು ಸೋಪಿಗೂ ಬಸ್ಸು ಹತ್ತಿ ಶಿರಾಳಕೊಪ್ಪಕ್ಕೆ ಬರಬೇಕು. ಬಸ್ ಚಾರ್ಜು ಸೇರಿಸಿ ಮಾರಿದರೆ ಅವಳ ಹತ್ತಿರ ಕೊಳ್ಳುವವರು ಯಾರು?

ನಿಯಮ ಹೇಳಬೇಕಿತ್ತು. ಹೇಳಿದರೆ ನಿನ್ನ ಅಂಗಡಿ ಸಣ್ಣದು ಎಂದು ಮುಖಕ್ಕೆ ಹೇಳಿದ ಹಾಗಾಗುತ್ತದೆ ಎನಿಸಿತು.

"ಇವು ಏನಪ, ಹೊಸಾವು?" ಎಂದಳು, ಹಸಿರು ಪಾಕೀಟು ಮುಟ್ಟಿ.

"ಹೊಸದಮ್ಮಾ. ಹೋಗ್ತವೆ, ಇಟ್ಟಿರು."

"ನೀನಾ ಇಟ್ಟಿ ಅಂದ್ಮ್ಯಾಲೆ ಹೋಗ್ತಾವು ಬಿಡು" ಎಂದು ಮಜ್ಜಿಗೆ ತರಲು ಎದ್ದಳು.

ಆಪಿನಲ್ಲಿ ಅವಳ ಹೆಸರಿನ ಮುಂದೆ ಹಸಿರು ಗುರುತು ಬಂತು. ಒಂದು ತಿಂಗಳ ಮಟ್ಟಿಗೆ ಉಳಿಸಿದೆ. ಪುಣ್ಯದ ಕೆಲಸವೇ.

ಫೆಬ್ರವರಿ 11, ಮಂಗಳವಾರ

ನಗಬೇಕೋ ಅಳಬೇಕೋ. ಮಾರಪ್ಪ ಮನೆಯಲ್ಲೇ ಇದ್ದ. "ಕೊಟ್ರೇಶಪ್ಪ, ನೀ ತಂದಿದ್ದ ಆ ಬಿಳೇ ಅವಲಕ್ಕಿ ಸಣ್ಣ ಮರಿಗೆ ಭಾಳ ಚಲೋ ಆತು ನೋಡು. ತಾಯಿ ಹಾಲು ಸಾಲ್ತಿರಲಿಲ್ಲ, ನೆನೆಸಿ ಒಂದೊಂದ್ ಹಿಡಿ ತಿನ್ನಿಸಿದ್ವಿ" ಎಂದ. ಓಟ್ಸ್ ಅದು. ಪಾಕೀಟಿನ ಮೇಲೆ ತೆಳ್ಳಗಿನ ಹೆಂಗಸೊಬ್ಬಳು ಚಮಚ ಹಿಡಿದು ನಗುತ್ತಿರುತ್ತಾಳೆ.

ಫೇಸ್‌ವಾಶ್ ಎರಡೂ ಖರ್ಚಾಗಿವೆ ಎಂದು ತಾಯಮ್ಮ ಹೆಮ್ಮೆಯಿಂದ ಹೇಳಿದಳು. ತಂಗಿಯ ಮಗಳು ಸಂಗೀತಳ ನಿಶ್ಚಯದಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲದ ಜೊತೆ ಉಡಿಗೆ ತುಂಬಿದಳಂತೆ. ಗಂಡಿನ ಕಡೆಯವರು ಏನಿದು ಎಂದು ತಿರುಗಿಸಿ ತಿರುಗಿಸಿ ನೋಡಿದರಂತೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳೂ ನಕ್ಕಳು.

ಖಾಲಿಯಾಗಿದೆಯಲ್ಲ, ಜಾಗ ತುಂಬಬೇಕು. ಈ ಸಲ ಮೂರು ಮೂರು ಇಟ್ಟೆ.

ಫೆಬ್ರವರಿ 17, ಸೋಮವಾರ

ಹಳೆಯ ಗೆಳೆಯ, ಸೊರಬದ ಲೋಕಪ್ಪ ಸಿಕ್ಕಿದ್ದ. ಪೈಪು, ಮೋಟಾರಿನ ಅಂಗಡಿ ಇಟ್ಟಿದ್ದಾನೆ. "ನಮ್ ಅಂಗಡಿಗೆ ಬಾ ಮಾರಾಯ, ಕೂತು ಮಾಡೋ ಕೆಲ್ಸ. ಮಾರ್ಚ್ ಒಂದಕ್ಕೆ ಬರೋದಾದ್ರೆ ಹೇಳು" ಎಂದ. ಒಂದು ಕ್ಷಣ ಎದೆ ಹಗುರಾಯಿತು. ದಾರಿಯುದ್ದಕ್ಕೂ ಏನೇನೋ ಲೆಕ್ಕ ಹಾಕಿದೆ.

ಸಂಜೆ ಚಂದ್ರಶೇಖರಪ್ಪನವರಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಗೋದಾಮಿನಲ್ಲಿ ಚೀಲ ಹೊರುತ್ತಿದ್ದವರನ್ನು ತೋರಿಸಿದರು. "ಮಾರ್ಚಿನಾಗ ನೀ ಕೈ ಬಿಟ್ರೆ ಏಜೆನ್ಸಿನಾ ಹೋಗ್ತತಿ. ಈ ಆರು ಮಂದಿನ ಎಲ್ಲಿಗೆ ಕಳಿಸ್ಲಿ ಹೇಳು. ನಿನ್ ಲಗ್ನದಾಗ ನಾ ನಿಂತು ಮಾಡಿದ್ದು ನೆನಪೈತಾ?" ಎಂದರು. ನೆನಪಿದೆ. ಮದುವೆ ಚಪ್ಪರಕ್ಕೆ ಗಳ ಹೊತ್ತವರು ಈ ಆರು ಮಂದಿಯೇ.

ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ನಾನು. ಲೋಕಪ್ಪನಿಗೆ ಫೋನ್ ಮಾಡಿ ಯುಗಾದಿ ಕಳೆಯಲಿ ಎಂದೆ. ಅವನು ಕಾಯುತ್ತೇನೆ ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ.

ಫೆಬ್ರವರಿ 26, ಬುಧವಾರ

ಶಿವರಾತ್ರಿ. ಉಪವಾಸ. ದೇವಸ್ಥಾನದ ಮುಂದೆ ವ್ಯಾನ್ ನಿಲ್ಲಿಸಿ ಕೈಮುಗಿಯುತ್ತಿದ್ದಾಗ ಫೋನ್ ಬಂತು. "ಹನ್ನೆರಡು ನಿಮಿಷದಿಂದ ವ್ಯಾನ್ ಅಲ್ಲಾಡಿಲ್ಲ, ಏನ್ ಸಮಸ್ಯೆ ಕೊಟ್ರೇಶ್ ಅವರೇ?" ಗಣೇಶನಿಗೆ ಶಿವನ ಹೆಸರು ಹೇಳಲು ನಾಚಿಕೆಯಾಗಿ ಟೈರಿಗೆ ಗಾಳಿ ಹೊಡೆಸುತ್ತಿದ್ದೇನೆ ಎಂದೆ.

ಮಾರ್ಚ್ 4, ಮಂಗಳವಾರ

ಮಾರ್ಚಿಗೆ ಲೈನಿನ ಗುರಿ ಒಂದೂವರೆ ಪಟ್ಟು. ಬಂದಳಿಕೆ ಅಂಗಡಿಗೆ ಹತ್ತು ಬಗೆ ಹಾಕಿದೆ. ಎಂಟು ಸಾಕಿತ್ತು. ಆದರೆ ಬೇರೆ ಅಂಗಡಿಯವರು ಬಾಯಿ ಮಾಡುತ್ತಾರೆ. ಇಲ್ಲಿ ಆ ತಲೆನೋವಿಲ್ಲ, ಬೇಗ ಮುಗಿಯುತ್ತದೆ. ಮಜ್ಜಿಗೆ ಕುಡಿಯಲು ಹೊತ್ತಿರಲಿಲ್ಲ. ಹಿಂದಿನಿಂದ ಏನೋ ಕೂಗಿದಳು, ವ್ಯಾನಿನ ಸದ್ದಿನಲ್ಲಿ ಕೇಳಿಸಲಿಲ್ಲ.

ಮಾರ್ಚ್ 9, ಭಾನುವಾರ

ರಜೆ. ಊಟಕ್ಕೆ ಕೂತಾಗ ಇವತ್ತು ಎರಡೇ ಬಗೆಯೇ ಎಂದೆ. ಗಂಗಾಶ್ರೀ ರೊಟ್ಟಿ ಹಾಕುತ್ತಿದ್ದ ಕೈ ನಿಲ್ಲಿಸಿದಳು.

"ಪಲ್ಯ ಅನ್ರಿ, ಸಾರು ಅನ್ರಿ. ಬಗೆ ಅಂದ್ರೆ ಏನದು? ಇತ್ತೀಚ್ಗೆ ನಿಮ್ ಮಾತಾ ಬ್ಯಾರೆ ಆಗೇತಿ."

ಸುಮ್ಮನೆ ತಕರಾರು. ಹೆಂಗಸರಿಗೆ ಹೊರಗಿನ ಒತ್ತಡ ಗೊತ್ತಾಗುವುದಿಲ್ಲ.

ಮಾರ್ಚ್ 18, ಮಂಗಳವಾರ

ಬೆಳಿಗ್ಗೆಯೇ ಗಣೇಶ್ ವ್ಯಾನ್ ಹತ್ತಿದ. ಕೈಯಲ್ಲಿ ಹೊಳೆಯುವ ಒಂದು ಬೋರ್ಡು. "ಮೂವತ್ತೆಂಟನೇ ನಂಬರ್ ಅಂಗಡಿ ನೋಡಿ ಕಂಪನಿಯವರೇ ಖುಷಿಯಾಗಿದ್ದಾರೆ. ಅಷ್ಟು ಸಣ್ಣ ಊರಲ್ಲಿ ಗ್ರೀನ್ ಟೀ ಹೋಗುತ್ತೆ ಅಂದ್ರೆ! ಗುಡಿ ನೋಡೋಕೆ ಬರೋ ಪ್ರವಾಸಿಗರು ತಗೋತಾರೆ ಅಲ್ವಾ?" ಎಂದ. ಹೌದು ಎಂದೆ. ಅಲ್ಲಿಗೆ ಬರುವವರು ಬುತ್ತಿ ಕಟ್ಟಿಕೊಂಡು ಬಂದು, ಕಲ್ಲು ನೋಡಿ, ತಮ್ಮದೇ ಬಾಟಲಿಯ ನೀರು ಕುಡಿದು ಹೋಗುತ್ತಾರೆ.

ಮೂವತ್ತೆಂಟು ಎಂದರೆ ತಾಯಮ್ಮ. ಬೋರ್ಡಿನ ಮೇಲೆ 'ಸ್ಟಾರ್ ಅಂಗಡಿ' ಎಂದಿತ್ತು. ಅವಳು ಕೈ ಒರೆಸಿಕೊಂಡು, ತಲೆಯ ಮೇಲೆ ಸೆರಗೆಳೆದು ನಿಂತಳು. ಓಟ್ಸ್ ಪಾಕೀಟನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿಸಿ ಗಣೇಶ್ ಫೋಟೋ ತೆಗೆದ.

"ಅಮ್ಮಾ, ಎಲ್ಲ ಮಾಲೂ ಹೋಗುತ್ತಾ?"

ತಾಯಮ್ಮ ನನ್ನ ಮುಖ ನೋಡಿದಳು.

"ಹೋಗ್ತಾವು ಸ್ವಾಮಿ. ಕೊಟ್ರೇಶಪ್ಪ ಇಟ್ಟಿದ್ದು ಯಾವ್ದೂ ಉಳಿಯಂಗಿಲ್ಲ."

ಉಸಿರು ಬಂತು. ಗಣೇಶ್ ಹೊರಗೆ ಗುಡಿಯ ಫೋಟೋ ತೆಗೆಯಲು ಹೋದಾಗ ನೀರು ಕುಡಿಯಲು ಒಳಗೆ ಹೋದೆ. ಮಂಚದ ಕೆಳಗೆ ಕಂಬಳಿ ಮುಚ್ಚಿದ ಒಂದು ರಾಶಿ. ತುದಿ ಸರಿದಿತ್ತು. ಫೆಬ್ರವರಿಯಿಂದ ನಾನು ಇಟ್ಟ ಹೊಸ ಬಗೆಗಳು ಬಹುಪಾಲು ಅಲ್ಲೇ ಇದ್ದವು. ನಾನು ಬರುವ ದಿನ ಹಲಗೆ ಖಾಲಿ ಕಾಣಲಿ ಎಂದು ಅವಳೇ ಎತ್ತಿ ಒಳಗಿಡುತ್ತಿದ್ದಳು.

"ಯಾಕಮ್ಮಾ ಹೇಳಲಿಲ್ಲ? ವಾಪಸ್ ಒಯ್ತೀನಿ" ಎಂದೆ.

"ಬ್ಯಾಡಪ್ಪ. ಅಂಗಡಿಗೆ ಬಂದ ಮಾಲು ಹೊಸ್ತಿಲು ದಾಟಿ ತಿರುಗಿ ಹೋಗ್ಬಾರ್ದು, ಲಕ್ಷ್ಮಿ ಸಂಗಾಟ ಹೋಗ್ತಾಳ. ನನಗಾ ಮಾರಾಕೆ ಬರ್ಲಿಲ್ಲ. ನಿನ್ ಕೈಗುಣದಾಗ ತಪ್ಪಿಲ್ಲ."

ನನಗೆ ನಿಜವಾಗಿ ಸಂಕಟವಾಯಿತು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಹೊರಗೆ ಗಣೇಶ್ ಹಾರ್ನ್ ಹೊಡೆದ. ಸ್ಟಾರ್ ಅಂಗಡಿಗೆ ಇನ್ನು ಮೇಲೆ ಹನ್ನೆರಡು ಬಗೆ ಎಂದು ವ್ಯಾನಿನಲ್ಲಿ ಹೇಳಿದ.

ಮಾರ್ಚ್ 25, ಮಂಗಳವಾರ

38ಕ್ಕೆ ಹನ್ನೆರಡು. ಬಗೆಹರಿಯಿತು.

ತಿರುವಿನಲ್ಲಿ ಮಾರಪ್ಪ ಸಿಕ್ಕ. ಮಾಲಿನ ದುಡ್ಡು ಕೊಡಲೆಂದು ಸಂತೆಯಲ್ಲಿ ದೊಡ್ಡ ಟಗರು ಮಾರಿದರಂತೆ. "ಅಂಗಡಿಗೆ ಬೋರ್ಡ್ ಬಂದೈತಿ, ಮಾಲು ಇಲ್ಲಂದ್ರೆ ಚಂದ ಕಾಣಂಗಿಲ್ಲ ಅಂತಾಳೆ ನಮ್ಮಾಕಿ" ಎಂದ. ಟಗರಿಗೆ ಈಗ ಒಳ್ಳೆಯ ರೇಟಿದೆ. ಹಬ್ಬಕ್ಕೆ ಹೇಗೂ ಮಾರುತ್ತಿದ್ದರು ಅನಿಸುತ್ತದೆ.

ಮಾರ್ಚ್ 31, ಸೋಮವಾರ

ಗುರಿ ಮುಟ್ಟಿತು. ಚಂದ್ರಶೇಖರಪ್ಪನವರು ಹಮಾಲರಿಗೂ ನನಗೂ ಹೊಸ ಬಟ್ಟೆ ಕೊಡಿಸಿದರು. ಅವರ ಕಣ್ಣಲ್ಲಿ ನೀರಿತ್ತು. ಲೋಕಪ್ಪನಿಗೆ ಫೋನ್ ಮಾಡಿದೆ. ಶಿವರಾತ್ರಿ ಮುಗಿದ ವಾರವೇ ಬೇರೆಯವರನ್ನು ತೆಗೆದುಕೊಂಡನಂತೆ.

ಏಪ್ರಿಲಿನ ಗುರಿ ಸಂಜೆಯೇ ಆಪಿಗೆ ಬಂತು. ಮಾರ್ಚಿಗಿಂತ ಜಾಸ್ತಿ ಇದೆ.

ಏಪ್ರಿಲ್ 8, ಮಂಗಳವಾರ

ಇದನ್ನು ಹೇಗೆ ಬರೆಯುವುದೋ ತಿಳಿಯದು.

ಬಂದಳಿಕೆಯಲ್ಲಿ ಪೆಟ್ಟಿಗೆ ಎತ್ತಿಕೊಂಡು ಅಭ್ಯಾಸದಂತೆ ನೇರ ಒಳಗೆ ಹೋಗಲು ನೋಡಿದೆ. ತಾಯಮ್ಮ ಬಾಗಿಲಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದಳು. ಏಳಲಿಲ್ಲ.

"ಅಲ್ಲೇ ಕಟ್ಟೆ ಮ್ಯಾಲೆ ಇಡ್ರಿ. ಟಗರು ಹೋತು, ಇನ್ನು ಮಾರಾಕೆ ಏನಿಲ್ಲ. ನಾ ಹೇಳ್ತೀನಿ, ನೀವು ಬರಕಳ್ರಿ" ಎಂದಳು.

ತಮಾಷೆ ಎಂದುಕೊಂಡೆ. ಅವಳು ಬೆರಳು ಮಡಿಸುತ್ತಾ ಹೇಳತೊಡಗಿದಳು. ಮೈ ಸೋಪು ಆರು. ಬಟ್ಟೆ ಸೋಪು ಒಂದು ಡಜನ್. ಚಹಾಪುಡಿ ಸಣ್ಣದು ಹತ್ತು. ಬಿಸ್ಕತ್ತು ಒಂದು ಪೆಟ್ಟಿಗೆ. ಕೊಬ್ಬರಿ ಎಣ್ಣೆ ಐದು. ನಿನ್ನೆಯಿಂದ ಬಾಯಿಪಾಠ ಮಾಡಿದ ಹಾಗಿತ್ತು. ಒಂದೂ ತಪ್ಪಲಿಲ್ಲ. ನಾನೇ ಹೋಗಿದ್ದರೂ ಇಷ್ಟೇ ಇಡುತ್ತಿದ್ದೆ, ಹಿಂದಿನ ನಾನು.

"ಇಷ್ಟಾ ಆದ್ರೆ ನಿನ್ ಹೆಸರು ತೆಗೀತಾರಮ್ಮಾ" ಎಂದೆ. ಕೊನೆಗೂ ಎಲ್ಲ ಹೇಳಿದೆ. ಎಂಟು ಬಗೆ, ನಲವತ್ತು ಅಂಗಡಿ, ಆಪು, ನನ್ನ ಕೆಲಸ. ಜನವರಿಯಲ್ಲಿ ಹೇಳಬೇಕಾದ್ದನ್ನು ಏಪ್ರಿಲಿನಲ್ಲಿ ಹೇಳಿದೆ.

"ಇದನ್ನ ಮೊದ್ಲಾ ಹೇಳಿದ್ರೆ, ನಿನ್ ಕೆಲ್ಸ ಉಳೀಲಿ ಅಂತ ನಾನಾ ಇಟ್ಕಂತಿದ್ದೆ" ಎಂದಳು. ಒಂದು ಗಳಿಗೆ ಹಳೆಯ ತಾಯಮ್ಮನ ದನಿ. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಹೋಗ್ತಾವು ಅಂದ್ರಿ. ನೀವು ಅಂದಿದ್ದಕ್ಕ ನಾ ನಂಬಿದ್ದೆ. ಮಾರಾಕೆ ಬರ್ದಿದ್ದು ನಂದಾ ತಪ್ಪು ಅಂತ ಮೂರ್ ತಿಂಗ್ಳು ನನ್ನ ನಾನಾ ಬೈಕಂಡೆ."

ಐದು ಬಗೆಯನ್ನು ಕಟ್ಟೆಯ ಮೇಲೆ ಜೋಡಿಸಿದೆ. ಅವಳು ಎದ್ದು ಬಂದು ಒಂದೊಂದನ್ನೂ ಮುಟ್ಟಿ ಎಣಿಸಿದಳು. ಸರಿಯಿತ್ತು. ಮತ್ತೊಮ್ಮೆ ಮೊದಲಿನಿಂದ ಎಣಿಸಿದಳು.

ಮಜ್ಜಿಗೆ ಕೊಟ್ಟಳು. ಲೋಟ ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟಳು. ವ್ಯಾನಿನಲ್ಲಿ ಕೂತು ಅತ್ತೆ. ಮೂರು ನಿಮಿಷ ಇರಬೇಕು, ಫೋನ್ ಬರಲಿಲ್ಲ.

ಏಪ್ರಿಲ್ 9, ಬುಧವಾರ

ಬಂದಳಿಕೆ ಹೋದರೆ ಲೈನ್ ಮೂವತ್ತೊಂಬತ್ತು. ನಿದ್ದೆಯಿಲ್ಲ. ಚಂದ್ರಶೇಖರಪ್ಪನವರಿಗೆ ಇನ್ನೂ ಹೇಳಿಲ್ಲ.

ಏಪ್ರಿಲ್ 24, ಗುರುವಾರ

ಬಂದ ಗಂಡಾಂತರ ದಾಟಿತು. ಕುಪ್ಪಗಡ್ಡೆಯಲ್ಲಿ ಹೊಸ ಅಂಗಡಿ ಸಿಕ್ಕಿತು. ಸುಮಾ ಎಂಬ ಹೊಸದಾಗಿ ಮದುವೆಯಾದ ಹುಡುಗಿ, ಹೊಲಿಗೆ ಮಷಿನ್ನಿನ ಪಕ್ಕ ಎರಡು ಹಲಗೆ ಹೊಡೆಸಿದ್ದಾಳೆ. ವ್ಯಾಪಾರದ ಗಂಧಗಾಳಿ ಇಲ್ಲ. "ನಂಗೆ ಎಂತದೂ ಗೊತ್ತಿಲ್ಲ ಅಣ್ಣಾ, ನೀವೇ ನೋಡಿ ಇಟ್ಟು ಹೋಗಿ" ಎಂದಳು. ಒಳ್ಳೆಯ ಹುಡುಗಿ. ಮೊದಲ ದಿನವೇ ಎಂಟು ಬಗೆ ಇಟ್ಟೆ. ಹಸಿರು ಗುರುತು ಬಂತು. ನಲವತ್ತು ನಲವತ್ತಾಗಿಯೇ ಉಳಿಯಿತು. ಗಂಗಾಶ್ರೀಗೆ ಮೈಸೂರುಪಾಕು ಒಯ್ದೆ. ಏನು ವಿಶೇಷ ಎಂದಳು. ಲೈನ್ ಉಳಿಯಿತು ಎಂದೆ.

ಮೇ 6, ಮಂಗಳವಾರ

ಬಂದಳಿಕೆಯ ಹೆಸರು ಆಪಿನಲ್ಲಿಲ್ಲ. ಆದರೂ ಮುಂದಿನ ಊರಿಗೆ ಹೋಗಲು ಆ ಕ್ರಾಸ್ ದಾಟಲೇಬೇಕು. ದೂರದಿಂದಲೇ ತಾಯಮ್ಮ ಕಂಡಳು. ಬೇವಿನ ಮರದ ಕೆಳಗೆ, ಕಂಕುಳಲ್ಲಿ ಮಡಿಸಿದ ಎರಡು ಖಾಲಿ ಚೀಲ, ಬಿಸಿಲಿಗೆ ಹಣೆಗೆ ಕೈ ಅಡ್ಡ ಹಿಡಿದು ಬಸ್ಸು ನೋಡುತ್ತಿದ್ದಳು.

ನನಗರಿವಿಲ್ಲದೆ ಬ್ರೇಕ್ ಒತ್ತಿದ್ದೆ.

"ಶಿರಾಳಕೊಪ್ಪಕ್ಕಾ ಅಮ್ಮಾ?"

"ಹೂನ್ರಿ. ಸೋಪು, ಚಾಪುಡಿ ಎಲ್ಲಾ ಮುಗ್ದೈತಿ."

ನನ್ನ ಬೆನ್ನ ಹಿಂದೆ ವ್ಯಾನಿನ ತುಂಬ ಸೋಪು, ಚಹಾಪುಡಿ. ಅವಳು ಪೇಟೆಗೆ ಹೋಗಿ ತರುವುದೂ ನಮ್ಮ ಗೋದಾಮಿನಿಂದಲೇ ಅಲ್ಲಿನ ಅಂಗಡಿಗೆ ಹೋದ ಮಾಲು. ಆಪಿನಲ್ಲಿ ಹೆಸರಿಲ್ಲದೆ ಬಿಲ್ ಆಗುವುದಿಲ್ಲ, ನಾಕು ಸೋಪು ಹಾಗೇ ಕೊಡುತ್ತೇನೆ ಎಂದೆ.

"ಬ್ಯಾಡ್ರಿ. ಪ್ಯಾಟ್ಯಾಗ ನಾಕ್ ಅಂಗಡಿ ನೋಡಿ ತರ್ತೀನಿ."

ಹಾಗಾದರೆ ವ್ಯಾನ್ ಹತ್ತು, ಶಿರಾಳಕೊಪ್ಪದ ಕಡೆ ತಿರುಗಿಸಿ ಬಿಟ್ಟು ಬರುತ್ತೇನೆ ಎಂದೆ. ಹೇಗೆ ತಿರುಗಿಸುತ್ತಿದ್ದೆನೋ ಗೊತ್ತಿಲ್ಲ, ಬಾಯಿಗೆ ಬಂತು.

"ನಿಮಗ ಹೊತ್ತಾಗ್ತತಿ, ಹೋಗ್ರಿ. ಬಸ್ ಬರ್ತತಿ" ಎಂದು ಎರಡು ಹೆಜ್ಜೆ ಹಿಂದೆ ಸರಿದು ನನಗೆ ದಾರಿ ಬಿಟ್ಟಳು.

ಫೋನ್ ಬಡಿದುಕೊಂಡಿತು. ಗಣೇಶ್. "ಏನ್ ಕೊಟ್ರೇಶ್ ಅವರೇ, ಅಲ್ಲಿ ಯಾಕೆ ನಿಂತಿದ್ದೀರಿ? ಆಪಿನಲ್ಲಿ ಏನೂ ತೋರಿಸ್ತಿಲ್ಲ, ಅಲ್ಲಿ ನಮ್ಮ ಅಂಗಡಿ ಇದೆಯಾ?"

ತಾಯಮ್ಮನಿಗೆ ಕೇಳಿಸುವಷ್ಟು ಹತ್ತಿರದಲ್ಲೇ ಇದ್ದೆ.

"ಇಲ್ಲ ಸಾರ್, ಇಲ್ಲಿ ನಮ್ಮೋರು ಯಾರೂ ಇಲ್ಲ" ಎಂದು ಗೇರ್ ಹಾಕಿದೆ.